ಮಗಳಿಗೆ ದೆವ್ವ ಹಿಡಿದಿದೆ, ಮಾತ್ರೆ ನಿಲ್ಲಿಸಿ ಅಂತಾರೆ. ಏನು ಮಾಡಲಿ?

ಪ್ರಶ್ನೆ: ನನ್ನ ಮಗಳಿಗೆ 17 ವರ್ಷ, ಎರಡನೇ ಪಿಯುಸಿ. ಹಾಸ್ಟೆಲ್‌ನಲ್ಲಿ ಗೆಳತಿಯರ ಜೊತೆ ನಾಣ್ಯ ಇಟ್ಟು ಆತ್ಮ ಕರೆಯುವ ಆಟ ಆಡಿದ್ದಾಳೆ. ಆವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ, ಯಾರೋ ಮಾತಾಡಿದ ಹಾಗೆ ಕೇಳಿಸುತ್ತದೆ ಅಂತಾಳೆ. ಎರಡು ಸಲ ರಾತ್ರಿ ಗಂಡು ದನಿಯಲ್ಲಿ ಕೂಗಿದಳು. ಎರಡು ವರ್ಷದ ಹಿಂದೆ ಫಿಟ್ಸ್ ಬಂದು ಈಗಲೂ ಮಾತ್ರೆ ನಡೀತಿದೆ. ಒಂದು ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋದೆವು. ಇದು ದೆವ್ವ, 21 ದಿನ ಹುಡುಗಿಯನ್ನು ಉಪವಾಸ ಇರಿಸಿ, ಮಾತ್ರೆ ನಂಬಿಕೆ ಇಲ್ಲದವರಿಗೆ ಅಂದರು. ನಾದಿನಿ ತಾಯಿತ ಕಟ್ಟಿಸೋಣ ಅಂತಾಳೆ. ಪಕ್ಕದ ಮನೆಯವರು ಮಾಟ ಮಾಡಿಸಿರಬಹುದು ಅಂತಲೂ ಮನೆಯಲ್ಲಿ ಮಾತು. ದೀಕ್ಷಾಸ್ನಾನ ಆದವಳಿಗೆ ದೆವ್ವ ಹಿಡಿಯುತ್ತದಾ? ಬೈಬಲ್ ಏನು ಹೇಳುತ್ತದೆ? — ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ಪ್ರಿಯ ಸಹೋದರಿ, ಕ್ರಿಸ್ತನಲ್ಲಿ ವಂದನೆಗಳು. ನೀವು ಕೇಳಿದ ಎಲ್ಲದಕ್ಕೂ ಬರುತ್ತೇನೆ. ಆದರೆ ಒಂದು ವಿಷಯ ಕಾಯುವ ಹಾಗಿಲ್ಲ. ಇವತ್ತು ರಾತ್ರಿ ಮಗಳಿಗೆ ಊಟ ಹಾಕಿ, ಮಾತ್ರೆ ಕೊಡಿ, ಮಲಗಿಸಿ. ಫಿಟ್ಸ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಒಂದರ ಹಿಂದೆ ಒಂದು ಬಿಡುವಿಲ್ಲದೆ ಬರಬಹುದು, ಅದರಿಂದ ಪ್ರಾಣವೇ ಹೋಗಬಹುದು. ಈಗಾಗಲೇ ಒಂದೆರಡು ದಿನ ತಪ್ಪಿಸಿದ್ದರೆ ನೀವೇ ಲೆಕ್ಕ ಹಾಕಿ ಜಾಸ್ತಿ ಕೊಡಬೇಡಿ, ಮಾತ್ರೆ ಬರೆದುಕೊಟ್ಟ ಡಾಕ್ಟರನ್ನು ಕೇಳಿ. ಫಿಟ್ಸ್ ಬಂದರೆ ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಏನೂ ತುರುಕಬೇಡಿ. ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಉಪಯೋಗ ಇಲ್ಲ. ಐದು ನಿಮಿಷ ಆದರೂ ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಇನ್ನೊಂದು, ಇಡೀ ರಾತ್ರಿ ಪ್ರಾರ್ಥನೆಗೆ ಅವಳನ್ನು ಕೂರಿಸಬೇಡಿ. ಫಿಟ್ಸ್ ಇರುವವರಿಗೆ ನಿದ್ದೆಗೆಟ್ಟರೆ ಅದರಿಂದಲೇ ಫಿಟ್ಸ್ ಬರಬಹುದು. ಪ್ರಾರ್ಥನೆ ನೀವು ಮಾಡಿ, ಅವಳು ಮಲಗಲಿ.

ಇದನ್ನೆಲ್ಲ ನಂಬಿಕೆ ಕಮ್ಮಿ ಇರುವವನಾಗಿ ಹೇಳುತ್ತಿಲ್ಲ. ದೆವ್ವ ಇದೆ ಅಂತ ನಾನು ನಂಬುತ್ತೇನೆ. ಸುವಾರ್ತೆಗಳನ್ನು ಓದಿದ ಯಾರಿಗೂ ಅದನ್ನು ಪಕ್ಕಕ್ಕಿಟ್ಟು ಮುಂದೆ ಹೋಗೋಕೆ ಆಗುವುದಿಲ್ಲ. ಮಾರ್ಕನ ಸುವಾರ್ತೆಯಲ್ಲಿ ಯೇಸು ಮಾಡಿದ ಮೊಟ್ಟಮೊದಲ ಅದ್ಭುತವೇ ಕಪೆರ್ನೌಮಿನ ಸಭಾಮಂದಿರದಲ್ಲಿ ಒಬ್ಬನೊಳಗಿದ್ದ ಅಶುದ್ಧಾತ್ಮವನ್ನು ಬಿಡಿಸಿದ್ದು. ಗೆರಸೇನರ ಸೀಮೆಯಲ್ಲಿ ಸಮಾಧಿಗಳ ನಡುವೆ ಬದುಕುತ್ತಿದ್ದ, ಸರಪಳಿ ಹರಿದುಕೊಳ್ಳುತ್ತಿದ್ದ, ಕಲ್ಲಿನಿಂದ ತನ್ನನ್ನೇ ಕೊಯ್ದುಕೊಳ್ಳುತ್ತಿದ್ದ ಮನುಷ್ಯನ ಕಥೆ ನಿಮಗೆ ಗೊತ್ತೇ ಇದೆ. ಆದರೆ ಅದೇ ಸುವಾರ್ತೆಗಳು ಇನ್ನೊಂದನ್ನೂ ಹೇಳುತ್ತವೆ. ಮತ್ತಾಯ 4ನೇ ಅಧ್ಯಾಯದ 24ನೇ ವಚನ ತೆಗೆದು ನೋಡಿ. ಜನ ಯೇಸುವಿನ ಹತ್ತಿರ ಕರೆತಂದವರ ಪಟ್ಟಿ ಅಲ್ಲಿದೆ. ದೆವ್ವ ಹಿಡಿದವರು ಬೇರೆ, ಮೂರ್ಛೆರೋಗದವರು ಬೇರೆ, ಪಾರ್ಶ್ವವಾಯು ಆದವರು ಬೇರೆ. ಎರಡು ಸಾವಿರ ವರ್ಷದ ಹಿಂದೆ ಬರೆದವರಿಗೇ ಈ ವ್ಯತ್ಯಾಸ ಗೊತ್ತಿತ್ತು. ನಾವು ಇವತ್ತು ಎಲ್ಲವನ್ನೂ ಒಂದೇ ಗಂಟು ಕಟ್ಟಿದರೆ ಅದು ಬೈಬಲಿನ ಪ್ರಕಾರ ಆಗುವುದಿಲ್ಲ.

ನಿಮ್ಮ ಮಗಳ ವಿಷಯಕ್ಕೆ ಹತ್ತಿರ ಇರುವುದು ಮಾರ್ಕ 9ನೇ ಅಧ್ಯಾಯ. ಒಬ್ಬ ತಂದೆ ಮಗನನ್ನು ಕರೆತರುತ್ತಾನೆ. ಹುಡುಗ ಬೀಳುತ್ತಾನೆ, ನೊರೆ ಸುರಿಸುತ್ತಾನೆ, ಹಲ್ಲು ಕಡಿಯುತ್ತಾನೆ, ಮರಗಟ್ಟಿ ಹೋಗುತ್ತಾನೆ. ಎಷ್ಟೋ ಸಲ ಬೆಂಕಿಗೆ, ನೀರಿಗೆ ಬಿದ್ದಿದ್ದಾನೆ. ಓದಿದರೆ ಫಿಟ್ಸ್ ಅಂತಲೇ ಅನಿಸುತ್ತದೆ. ಮಾರ್ಕ ಅದನ್ನು ಅಶುದ್ಧಾತ್ಮದ ಕೆಲಸ ಅನ್ನುತ್ತಾನೆ. ಎರಡೂ ಒಟ್ಟಿಗೆ ಇದ್ದವು ಅನ್ನುವ ವ್ಯಾಖ್ಯಾನಕಾರರಿದ್ದಾರೆ, ಆ ಕಾಲದವರು ಫಿಟ್ಸನ್ನು ಹಾಗೆ ಅರ್ಥ ಮಾಡಿಕೊಂಡಿದ್ದರು ಅನ್ನುವವರೂ ಇದ್ದಾರೆ. ಆ ಚರ್ಚೆ ಇಲ್ಲಿ ಬೇಡ. ಯೇಸು ಅಲ್ಲಿ ಏನು ಮಾಡಿದನು ಅನ್ನುವುದನ್ನು ಮಾತ್ರ ನಿಧಾನವಾಗಿ ನೋಡಿ.

ಮೊದಲು ತಂದೆಯನ್ನು ಒಂದು ಪ್ರಶ್ನೆ ಕೇಳಿದನು: ಇದು ಎಷ್ಟು ದಿನದಿಂದ ಹೀಗಿದೆ? ಚಿಕ್ಕಂದಿನಿಂದ ಅಂತ ತಂದೆ ಹೇಳಿದ. ಅಂದರೆ ಹುಡುಗನ ಕಥೆಯನ್ನು ಯೇಸು ಕೂತು ಕೇಳಿಸಿಕೊಂಡನು. ನನಗೆ ನಂಬಿಕೆ ಇದೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತ ತಂದೆ ಅತ್ತಾಗ, ನಿನ್ನ ನಂಬಿಕೆ ಸಾಲದು ಅಂತ ಅವನನ್ನು ಬಯ್ಯಲಿಲ್ಲ. ಜನ ಓಡಿ ಬಂದು ಸೇರುತ್ತಿರುವುದನ್ನು ನೋಡಿ, ಗುಂಪು ಕಟ್ಟುವ ಮುಂಚೆಯೇ ಒಂದೇ ಮಾತಿನಲ್ಲಿ ಕೆಲಸ ಮುಗಿಸಿದನು. ಆಮೇಲೆ ಸತ್ತ ಹಾಗೆ ಬಿದ್ದಿದ್ದ ಹುಡುಗನ ಕೈ ಹಿಡಿದು ಎಬ್ಬಿಸಿದನು. ಅವನನ್ನು ತಂದೆಗೆ ಒಪ್ಪಿಸಿದನು ಅಂತ ಲೂಕ ಸೇರಿಸುತ್ತಾನೆ. ಹೊಡೆತ ಇಲ್ಲ, ಕೂದಲು ಹಿಡಿದು ಎಳೆದದ್ದಿಲ್ಲ, ಕಾಣಿಕೆ ಕೇಳಿದ್ದಿಲ್ಲ, ಮೈಕ್ ಮುಂದೆ ದೆವ್ವದ ಹೆಸರು ಊರು ಕೇಳುತ್ತಾ ಗಂಟೆಗಟ್ಟಲೆ ಮಾತಾಡಿಸಿದ್ದಿಲ್ಲ.

21 ದಿನದ ಉಪವಾಸ ಎಲ್ಲಿಂದ ಬಂತು ಅಂತ ಹೇಳುತ್ತೇನೆ, ನಿಮಗೆ ಹೇಳಿದವರಿಗೂ ಇದು ಗೊತ್ತಿರಲಿ. ಮಾರ್ಕ 9ರ ಆ ಘಟನೆಯ ಕೊನೆಯಲ್ಲಿ ಶಿಷ್ಯರು, ನಮ್ಮಿಂದ ಯಾಕೆ ಆಗಲಿಲ್ಲ ಅಂತ ಕೇಳುತ್ತಾರೆ. ಪ್ರಾರ್ಥನೆಯಿಂದ ಹೊರತು ಇಂಥದ್ದು ಹೋಗುವುದಿಲ್ಲ ಅಂತ ಯೇಸು ಹೇಳುತ್ತಾನೆ. ಕೆಲವು ಬೈಬಲ್‌ಗಳಲ್ಲಿ ಪ್ರಾರ್ಥನೆ ಮತ್ತು ಉಪವಾಸ ಅಂತ ಇದೆ, ತುಂಬ ಹಳೆಯ ಕೆಲವು ಹಸ್ತಪ್ರತಿಗಳಲ್ಲಿ ಉಪವಾಸದ ಮಾತು ಇಲ್ಲ. ಇದ್ದರೂ ಸರಿ, ಆ ಮಾತು ಹೇಳಿದ್ದು ಯಾರಿಗೆ? ಶಿಷ್ಯರಿಗೆ. ಪ್ರಾರ್ಥನೆ ಮಾಡುವವರು ಉಪವಾಸ ಇರಬೇಕೇ ಹೊರತು ಕಾಯಿಲೆ ಬಿದ್ದ ಹುಡುಗ ಅಲ್ಲ. ಇನ್ನು 21ರ ಲೆಕ್ಕ ದಾನಿಯೇಲ 10ನೇ ಅಧ್ಯಾಯದ್ದು. ದಾನಿಯೇಲ ಮೂರು ವಾರ ರುಚಿಯಾದ ಊಟ, ಮಾಂಸ, ದ್ರಾಕ್ಷಾರಸ ಬಿಟ್ಟ. ಅವನೇ ಇಷ್ಟಪಟ್ಟು ಬಿಟ್ಟದ್ದು, ಊಟವನ್ನೇ ಬಿಟ್ಟ ಅಂತ ಅಲ್ಲಿ ಇಲ್ಲ. ಫಿಟ್ಸ್ ಇರುವ 17 ವರ್ಷದ ಹುಡುಗಿಯನ್ನು ಬೇರೆಯವರು ಹಸಿವಿನಲ್ಲಿ ಇಡುವುದಕ್ಕೆ ಇದರಲ್ಲಿ ಎಲ್ಲಿದೆ ಆಧಾರ? ಸತ್ತಿದ್ದ ಯಾಯೀರನ ಮಗಳನ್ನು ಎಬ್ಬಿಸಿದ ಕೂಡಲೇ ಯೇಸು ಮನೆಯವರಿಗೆ ಹೇಳಿದ್ದು, ಈಕೆಗೆ ಊಟಕ್ಕೆ ಏನಾದರೂ ಕೊಡಿ ಅಂತ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಜರ್ಮನಿಯ ಬವೇರಿಯಾದಲ್ಲಿ ಕ್ಲಿಂಗೆನ್‌ಬರ್ಗ್ ಅಂತ ಒಂದು ಊರು. ಅಲ್ಲಿ ಅನ್ನೆಲೀಸ್ ಮಿಶೆಲ್ ಅನ್ನುವ ಹುಡುಗಿ ಇದ್ದಳು. ಭಕ್ತಿಯ ಕ್ಯಾಥೊಲಿಕ್ ಕುಟುಂಬ, ಅವಳೂ ದೇವರಲ್ಲಿ ತುಂಬ ಪ್ರೀತಿ ಇದ್ದವಳು. ಹೈಸ್ಕೂಲಿನ ವಯಸ್ಸಿನಲ್ಲಿ ಫಿಟ್ಸ್ ಶುರುವಾಯಿತು, ಡಾಕ್ಟರು ಮಾತ್ರೆ ಕೊಟ್ಟರು. ವರ್ಷಗಳು ಕಳೆದ ಹಾಗೆ ಪ್ರಾರ್ಥನೆ ಮಾಡುವಾಗ ಭಯಂಕರ ಮುಖಗಳು ಕಾಣತೊಡಗಿದವು, ನೀನು ನರಕಕ್ಕೆ ಹೋಗುತ್ತೀ ಅನ್ನುವ ದನಿಗಳು ಕೇಳತೊಡಗಿದವು, ಶಿಲುಬೆ ಕಂಡರೆ ಆಗುತ್ತಿರಲಿಲ್ಲ. ಮನೆಯವರಿಗೆ ಡಾಕ್ಟರರ ಮೇಲಿನ ಭರವಸೆ ಹೋಯಿತು. 1975ರಲ್ಲಿ ವ್ಯುರ್ಟ್ಸ್‌ಬರ್ಗಿನ ಬಿಷಪ್ ಭೂತೋಚ್ಚಾಟನೆಗೆ ಅಪ್ಪಣೆ ಕೊಟ್ಟರು. ಇಬ್ಬರು ಪಾದ್ರಿಗಳು ಸುಮಾರು 10 ತಿಂಗಳಲ್ಲಿ 67 ಸಲ ಆ ವಿಧಿ ನಡೆಸಿದರು. ವಾರಕ್ಕೆ ಒಂದೆರಡು ಸಲ, ಒಂದೊಂದು ಸಲವೂ ಗಂಟೆಗಟ್ಟಲೆ. ಅದರ ಟೇಪ್ ರೆಕಾರ್ಡಿಂಗ್‌ಗಳು ಉಳಿದಿವೆ. ಆ ದನಿ ಕೇಳಿದವರು ಯಾರಾದರೂ ಹೆದರುವಂಥದ್ದೇ. ನಿಮ್ಮ ಮಗಳ ಗಂಡು ದನಿಯ ವಿಷಯ ಓದಿದಾಗ ನನಗೆ ತಕ್ಷಣ ನೆನಪಾಗಿದ್ದು ಇದು.

ಕೊನೆಕೊನೆಗೆ ಅವಳು ಊಟ ಬಿಟ್ಟಳು. ಮೊಣಕಾಲೂರಿ ಎದ್ದು, ಮತ್ತೆ ಮೊಣಕಾಲೂರಿ ಮಂಡಿಗಳು ಹಾಳಾಗಿದ್ದವು. ನ್ಯುಮೋನಿಯಾ ಆಗಿತ್ತು. 1976ರ ಜುಲೈ 1ರಂದು ತೀರಿಕೊಂಡಾಗ ಅವಳಿಗೆ 23 ವರ್ಷ, ತೂಕ ಸುಮಾರು 31 ಕಿಲೋ. ಊಟ ಇಲ್ಲದೆ, ನೀರಿಲ್ಲದೆ ಸತ್ತಳು ಅಂತ ಶವಪರೀಕ್ಷೆ ಹೇಳಿತು. 1978ರಲ್ಲಿ ಅಶಾಫೆನ್‌ಬರ್ಗಿನ ಕೋರ್ಟು ಅಪ್ಪ, ಅಮ್ಮ, ಇಬ್ಬರು ಪಾದ್ರಿಗಳು, ನಾಲ್ವರನ್ನೂ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದರು ಅಂತ ತಪ್ಪಿತಸ್ಥರು ಮಾಡಿ, ಆರು ತಿಂಗಳ ಶಿಕ್ಷೆ ಕೊಟ್ಟು ಅದನ್ನು ಅಮಾನತಿನಲ್ಲಿಟ್ಟಿತು. ಸಾಯುವ ಒಂದು ವಾರ ಮುಂಚೆ ಡಾಕ್ಟರನ್ನು ಕರೆದಿದ್ದರೂ ಬದುಕುತ್ತಿದ್ದಳು ಅನ್ನುವುದು ಸರಕಾರಿ ವಕೀಲರ ವಾದವಾಗಿತ್ತು.

ಆ ಮನೆಯಲ್ಲಿ ಯಾರೂ ಕೆಟ್ಟವರಲ್ಲ, ಸಹೋದರಿ. ಆ ತಾಯಿಗೂ ನಿಮ್ಮ ಹಾಗೇ ಹೊಟ್ಟೆ ಉರಿಯುತ್ತಿತ್ತು. ಬಿಷಪ್ಪರ ಅಪ್ಪಣೆ ಇತ್ತು, ವಿಧಿ ಪುಸ್ತಕದ ಪ್ರಕಾರ ನಡೆಯಿತು, ಪ್ರಾರ್ಥನೆಗೆ ಕೊರತೆ ಇರಲಿಲ್ಲ. ಇಲ್ಲದ್ದು ಒಂದೇ, ಪಕ್ಕದಲ್ಲಿ ನಿಂತು ಈ ಹುಡುಗಿ ಸಾಯುತ್ತಿದ್ದಾಳೆ ಅಂತ ಹೇಳುವ ಡಾಕ್ಟರು. ಅವಳಿಗೆ ನಿಜಕ್ಕೂ ದೆವ್ವ ಹಿಡಿದಿತ್ತೇ ಅಂತ ಜನ ಇವತ್ತಿಗೂ ವಾದ ಮಾಡುತ್ತಾರೆ. ನನ್ನ ಮಟ್ಟಿಗೆ ಆ ವಾದದಿಂದ ಏನೂ ಬದಲಾಗುವುದಿಲ್ಲ. ಹಿಡಿದಿದ್ದರೂ ಅವಳಿಗೆ ನೀರು, ಅನ್ನ, ಔಷಧಿ ಬೇಕಿತ್ತು.

ಸಭೆಯ ಹಳೆಯ ನಿಯಮಗಳು ಈ ವಿಷಯದಲ್ಲಿ ನಾವು ಅಂದುಕೊಂಡಿದ್ದಕ್ಕಿಂತ ಬಹಳ ಬಿಗಿ. ದೆವ್ವ ಬಿಡಿಸುವುದು ಕ್ರೈಸ್ತರಿಗೆ ಹೊಸದಲ್ಲ. 251ರ ಸುಮಾರಿಗೆ ರೋಮಿನ ಬಿಷಪ್ ಕೊರ್ನೇಲಿಯ ಬರೆದ ಪತ್ರದಲ್ಲಿ ಸಭೆಯ ಸೇವಕರ ಪಟ್ಟಿ ಇದೆ, ಅದರಲ್ಲಿ ಈ ಕೆಲಸದವರೂ ಇದ್ದಾರೆ. ಆದರೆ 1614ರ ರೋಮನ್ ವಿಧಿಗ್ರಂಥದಲ್ಲಿ ಪಾದ್ರಿಗೆ ಕೊಟ್ಟ ಒಂದು ಮುಖ್ಯ ಸೂಚನೆ, ಒಬ್ಬರಿಗೆ ದೆವ್ವ ಹಿಡಿದಿದೆ ಅಂತ ಸುಲಭಕ್ಕೆ ನಂಬಬೇಡ ಅಂತ. ಕಲಿಯದ ಭಾಷೆಯಲ್ಲಿ ಮಾತಾಡುವುದು, ಗೊತ್ತಾಗಲು ಸಾಧ್ಯವೇ ಇಲ್ಲದ ಗುಟ್ಟು ಹೇಳುವುದು, ಮೈಗೆ ಮೀರಿದ ಬಲ ತೋರಿಸುವುದು ಇಂಥವನ್ನು ಗಮನಿಸು ಅಂತ ಅದು ಹೇಳುತ್ತದೆ. ದನಿ ಬದಲಾಗುವುದು, ಕೂಗುವುದು, ನಿದ್ದೆ ಬಾರದಿರುವುದು ಆ ಲೆಕ್ಕಕ್ಕೇ ಬರುವುದಿಲ್ಲ. ಇವತ್ತಿನ ಕ್ಯಾಥೊಲಿಕ್ ಕಾನೂನಿನ 1172ನೇ ನಿಯಮದಂತೆ ಬಿಷಪ್ಪರ ವಿಶೇಷ ಅಪ್ಪಣೆ ಇಲ್ಲದೆ ಯಾವ ಪಾದ್ರಿಯೂ ಭೂತೋಚ್ಚಾಟನೆ ಮಾಡುವ ಹಾಗಿಲ್ಲ. 1999ರಲ್ಲಿ ಆ ವಿಧಿಯನ್ನು ಪರಿಷ್ಕರಿಸಿದರು, ಕಾಯಿಲೆಯನ್ನು ದೆವ್ವ ಅಂದುಕೊಳ್ಳಬಾರದು, ಅಗತ್ಯವಿದ್ದರೆ ವೈದ್ಯರನ್ನು ಕೇಳಬೇಕು ಅಂತ ಅದರಲ್ಲೂ ಇದೆ. ಇಂಗ್ಲೆಂಡಿನ ಸಭೆ 1604ರಲ್ಲೇ ಬಿಷಪ್ಪರ ಅನುಮತಿ ಇಲ್ಲದೆ ಉಪವಾಸ ಪ್ರಾರ್ಥನೆಯ ಮೂಲಕ ದೆವ್ವ ಬಿಡಿಸಲು ಹೋಗುವುದನ್ನು ನಿಷೇಧಿಸಿತ್ತು. 1974ರಲ್ಲಿ ಯಾರ್ಕ್‌ಶೈರಿನಲ್ಲಿ ಒಬ್ಬ ಮನುಷ್ಯನ ಮೇಲೆ ಇಡೀ ರಾತ್ರಿ ದೆವ್ವ ಬಿಡಿಸುವ ಪ್ರಾರ್ಥನೆ ನಡೆಯಿತು, ಬೆಳಗ್ಗೆ ಮನೆಗೆ ಹೋದವನು ಹೆಂಡತಿಯನ್ನು ಕೊಂದ. ಮಾರನೇ ವರ್ಷ ಬಿಷಪ್ಪರು ಮತ್ತೆ ನಿಯಮ ಹಾಕಿದರು: ವೈದ್ಯರ ಜೊತೆ ಸೇರಿ ಮಾಡಬೇಕು, ಅನುಭವ ಇದ್ದವರೇ ಮಾಡಬೇಕು, ಪ್ರಚಾರ ಇರಬಾರದು, ಆಮೇಲೆ ಆ ವ್ಯಕ್ತಿಯನ್ನು ಕೈಬಿಡಬಾರದು. ಪೆಂತೆಕೊಸ್ತ್ ಸಭೆಗಳಲ್ಲಿ ಬಿಷಪ್ಪರ ಅಪ್ಪಣೆ ಅನ್ನುವ ಪದ್ಧತಿ ಇಲ್ಲ, ಯೇಸುವಿನ ಹೆಸರಿನಲ್ಲಿ ಎಲ್ಲ ವಿಶ್ವಾಸಿಗಳಿಗೂ ಅಧಿಕಾರ ಇದೆ ಅನ್ನುತ್ತಾರೆ. ಅವರಲ್ಲೂ ಮಾತ್ರೆ ಬಿಡಿಸದ, ಡಾಕ್ಟರ ಹತ್ತಿರ ಕಳಿಸುವ ಒಳ್ಳೆಯ ಪಾಸ್ಟರುಗಳು ಬೇಕಾದಷ್ಟು ಜನ ಇದ್ದಾರೆ, ಇದನ್ನು ನಾನು ಮನಸಾರೆ ಹೇಳುತ್ತೇನೆ.

ಹಾಗಾದರೆ ಮಗಳಿಗೆ ಏನಾಗಿರಬಹುದು? ನಾನು ಡಾಕ್ಟರಲ್ಲ, ಪತ್ರ ನೋಡಿ ಹೇಳುವುದೂ ತಪ್ಪು. ಆದರೆ ಯಾಕೆ ತೋರಿಸಬೇಕು ಅಂತ ಹೇಳಬಲ್ಲೆ. ಕೆಲವು ಬಗೆಯ ಫಿಟ್ಸ್‌ನಲ್ಲಿ ಮೈ ಅದುರುವುದೇ ಇಲ್ಲ. ಇಲ್ಲದ ವಾಸನೆ, ಇಲ್ಲದ ದನಿ, ಕಾರಣವಿಲ್ಲದ ಭಯ, ಗೊತ್ತಿಲ್ಲದೆ ಕೂಗುವುದು, ಇದೇ ಫಿಟ್ಸ್ ಆಗಿರಬಹುದು. ಮಾತ್ರೆಯ ಪ್ರಮಾಣ ಬದಲಿಸಬೇಕಾಗಿರಬಹುದು. ಮಿದುಳಿನ ಊತದ ಒಂದು ಕಾಯಿಲೆ ಇದೆ, ವೈದ್ಯರು ಅದನ್ನು ಸರಿಯಾಗಿ ಗುರುತಿಸಿ ವಿವರಿಸಿದ್ದೇ 2007ರಲ್ಲಿ. ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳಿನ ಮೇಲೆ ತಿರುಗಿ ಬೀಳುತ್ತದೆ. ಹೆಚ್ಚಾಗಿ ಎಳೆಯ ಹೆಣ್ಣುಮಕ್ಕಳಿಗೆ ಬರುತ್ತದೆ. ಕೆಲವೇ ದಿನಗಳಲ್ಲಿ ನಿದ್ದೆ ಹೋಗುತ್ತದೆ, ಕಿವಿಯಲ್ಲಿ ದನಿ, ಬೇರೆ ಯಾರೋ ಆದ ಹಾಗೆ ವರ್ತನೆ, ಆಮೇಲೆ ಫಿಟ್ಸ್, ಬಾಯಿ ಕೈಗಳ ವಿಚಿತ್ರ ಚಲನೆ. ನೋಡಿದವರು ದೆವ್ವ ಅನ್ನದೆ ಇರಲಾರರು. ಬೇಗ ಕಂಡುಹಿಡಿದರೆ ಚಿಕಿತ್ಸೆ ಇದೆ, ಬಹಳ ಜನ ಚೇತರಿಸಿಕೊಳ್ಳುತ್ತಾರೆ. ಅದೇ 21 ದಿನ ಕಾದರೆ? ಇದ್ಯಾವುದೂ ಅಲ್ಲದೆ ಬರೀ ಭಯವೂ ಇರಬಹುದು. ಹೆದರಿದ ಮನಸ್ಸು ನಿದ್ದೆಗೆಟ್ಟಾಗ ತನ್ನಿಂದ ತಾನೇ ಬೇರೆಯಾಗಿ ಬೇರೆ ದನಿಯಲ್ಲಿ ಮಾತಾಡುವುದುಂಟು, ಅದು ನಾಟಕ ಅಲ್ಲ. ಅವಳನ್ನು ನಾಟಕ ಮಾಡಬೇಡ ಅಂತ ಬಯ್ಯಬೇಡಿ.

ದೀಕ್ಷಾಸ್ನಾನದ ಪ್ರಶ್ನೆಗೆ ಬರುತ್ತೇನೆ. ಕ್ರಿಸ್ತನಿಗೆ ಸೇರಿದವರನ್ನು ದೆವ್ವ ಸ್ವಂತ ಮಾಡಿಕೊಂಡು ಒಳಗೆ ಕೂತು ಆಳಲಾರದು ಅಂತ ನಾನು ನಂಬುತ್ತೇನೆ. ನಿಮ್ಮ ದೇಹ ಪವಿತ್ರಾತ್ಮನ ಆಲಯ ಅಂತ ಪೌಲ ಕೊರಿಂಥದವರಿಗೆ ಬರೆದ. ನಿಮ್ಮಲ್ಲಿರುವಾತನು ಲೋಕದಲ್ಲಿರುವವನಿಗಿಂತ ದೊಡ್ಡವನು ಅಂತ ಯೋಹಾನ ಬರೆದ. ಸೈತಾನ ಹೆದರಿಸಬಹುದು, ಶೋಧಿಸಬಹುದು, ಸುಳ್ಳು ಹೇಳಬಹುದು. ಅದಕ್ಕೆ ಯಾಕೋಬ ಹೇಳುವ ಔಷಧಿ ಸರಳ: ದೇವರಿಗೆ ತಗ್ಗಿ ನಡೆಯಿರಿ, ಸೈತಾನನನ್ನು ಎದುರಿಸಿರಿ, ಅವನು ಓಡಿಹೋಗುತ್ತಾನೆ. ಕ್ರೈಸ್ತರೊಳಗೂ ದೆವ್ವ ಇರುತ್ತದೆ, ಅದನ್ನು ಒಂದೊಂದಾಗಿ ತೆಗೆಯಬೇಕು ಅಂತ ಕಲಿಸುವವರಿದ್ದಾರೆ. ಅವರ ಜೊತೆ ನನಗೆ ಒಪ್ಪಿಗೆ ಇಲ್ಲ. ಆ ಬೋಧನೆ ಕೇಳಿದ ವಿಶ್ವಾಸಿಗಳು ತಲೆನೋವು, ಸಿಟ್ಟು, ಸಾಲ ಎಲ್ಲಕ್ಕೂ ಒಂದೊಂದು ದೆವ್ವ ಹುಡುಕುತ್ತಾ ಬಿಡುಗಡೆ ಪ್ರಾರ್ಥನೆಯಿಂದ ಬಿಡುಗಡೆ ಪ್ರಾರ್ಥನೆಗೆ ಅಲೆಯುವುದನ್ನು ನೋಡಿದ್ದೇನೆ. ಎಪ್ಪತ್ತು ಮಂದಿ ಶಿಷ್ಯರು, ದೆವ್ವಗಳೂ ನಮ್ಮ ಮಾತು ಕೇಳುತ್ತವೆ ಅಂತ ಖುಷಿಯಿಂದ ಬಂದಾಗ ಯೇಸು ಅವರನ್ನು ತಡೆದನು. ಅದಕ್ಕೆ ಖುಷಿಪಡಬೇಡಿ, ನಿಮ್ಮ ಹೆಸರು ಪರಲೋಕದಲ್ಲಿ ಬರೆದಿದೆ ಅಂತ ಖುಷಿಪಡಿ ಅಂದನು. ಮಗಳಿಗೆ ಈಗ ಕೇಳಬೇಕಾದ ಮಾತು ಅದೇ.

ಇನ್ನು ಆ ನಾಣ್ಯದ ಆಟ. ಇದನ್ನು ಸುಮ್ನೆ ಮಕ್ಕಳಾಟ ಅಂತ ಬಿಡುವವನೂ ನಾನಲ್ಲ. ಸತ್ತವರನ್ನು ಮಾತಾಡಿಸುವ ಈ ಹುಚ್ಚು ಈಗಿನ ರೂಪದಲ್ಲಿ ಶುರುವಾಗಿದ್ದು ಅಮೆರಿಕದಲ್ಲಿ. 1848ರಲ್ಲಿ ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್ ಎಂಬ ಹಳ್ಳಿಯಲ್ಲಿ ಫಾಕ್ಸ್ ಮನೆಯ ಇಬ್ಬರು ಹುಡುಗಿಯರು ತಮ್ಮ ಪ್ರಶ್ನೆಗೆ ಆತ್ಮ ಟಕ್ ಟಕ್ ಅಂತ ಉತ್ತರ ಕೊಡುತ್ತದೆ ಅಂದರು. ದೇಶವೇ ನಂಬಿತು. 40 ವರ್ಷ ಆದ ಮೇಲೆ, 1888ರಲ್ಲಿ, ಅವರಲ್ಲಿ ದೊಡ್ಡವಳು ತುಂಬಿದ ಸಭೆಯ ಮುಂದೆ ಕಾಲ್ಬೆರಳಿನ ಗಿಣ್ಣಿನಿಂದ ಆ ಸದ್ದು ಹೊರಡಿಸಿ ತೋರಿಸಿದಳು. ಅಷ್ಟರಲ್ಲಿ ಅದು ದೊಡ್ಡ ವ್ಯಾಪಾರ ಆಗಿತ್ತು. ಆತ್ಮ ಕರೆಯಲು ಬಳಸುವ, ಅಕ್ಷರ ಬರೆದ ಓಯಿಜಾ ಬೋರ್ಡಿಗೆ 1891ರಲ್ಲಿ ಪೇಟೆಂಟ್ ಸಿಕ್ಕಿತು. ನಾಣ್ಯ ಹೇಗೆ ಓಡುತ್ತದೆ? ಇದೇ ಥರ, ಸುತ್ತ ಕೂತು ಕೈ ಇಟ್ಟರೆ ಆತ್ಮ ಮೇಜನ್ನು ತಿರುಗಿಸುತ್ತದೆ ಅನ್ನುವುದನ್ನು ವಿಜ್ಞಾನಿ ಮೈಕೆಲ್ ಫ್ಯಾರಡೆ 1853ರಲ್ಲೇ ಪರೀಕ್ಷೆ ಮಾಡಿದ್ದ. ಸುತ್ತ ಕೂತವರ ಕೈಗಳೇ ತಮಗೆ ಗೊತ್ತಿಲ್ಲದೆ ಮೇಜನ್ನು ತಳ್ಳುತ್ತವೆ ಅಂತ ತೋರಿಸಿಕೊಟ್ಟ. ನಾಲ್ಕು ಹುಡುಗಿಯರ ಬೆರಳು ನಾಣ್ಯದ ಮೇಲಿದ್ದರೆ ಯಾರೂ ಬೇಕಂತ ತಳ್ಳದೆಯೇ ಅದು ಓಡುತ್ತದೆ. ಮಗಳಿಗೆ ಇದನ್ನು ಬಿಡಿಸಿ ಹೇಳಿ. ತಾನು ಏನನ್ನೋ ಕರೆದುಬಿಟ್ಟೆ, ಅದು ತನ್ನ ಹಿಂದೆಯೇ ಬಂದಿದೆ ಅನ್ನುವ ಭಯ ಅರ್ಧ ಇಳಿಯಬಹುದು.

ಬೆರಳೇ ತಳ್ಳಿದ್ದಾದರೆ ತಪ್ಪೇನು ಅಂತ ಕೇಳಬಹುದು. ಧರ್ಮೋಪದೇಶಕಾಂಡ 18ನೇ ಅಧ್ಯಾಯದಲ್ಲಿ ಕಣಿ ಕೇಳುವುದು, ಮಾಟ ಮಾಡುವುದು, ಸತ್ತವರನ್ನು ವಿಚಾರಿಸುವುದು ಇವೆಲ್ಲವನ್ನೂ ದೇವರು ಬೇಡ ಅಂದಿದ್ದಾನೆ. ಅಲ್ಲೇ ಮುಂದೆ, ನಾನು ನಿಮ್ಮೊಂದಿಗೆ ಮಾತಾಡಲು ಪ್ರವಾದಿಯನ್ನು ಕೊಡುತ್ತೇನೆ ಅನ್ನುತ್ತಾನೆ. ನನ್ನನ್ನು ಕೇಳಿ, ಬೇರೆ ಬಾಗಿಲು ತಟ್ಟಬೇಡಿ ಅಂತ ಅದರ ತಾತ್ಪರ್ಯ. ದೇವರಿಂದ ಉತ್ತರ ಬಾರದೆ ಇದ್ದಾಗ ಅರಸ ಸೌಲ ವೇಷ ಮರೆಸಿಕೊಂಡು, ಸತ್ತವರನ್ನು ಕರೆಯುವ ಏಂದೋರಿನ ಹೆಂಗಸಿನ ಹತ್ತಿರ ಹೋದ. ಕೇಳಿದ್ದರಿಂದ ಅವನಿಗೆ ಧೈರ್ಯ ಬರಲಿಲ್ಲ, ಇದ್ದ ಧೈರ್ಯವೂ ಹೋಗಿ ನೆಲಕ್ಕೆ ಬಿದ್ದ. ಈ ಆಟ ಆಡಿದ ಮಕ್ಕಳಿಗೂ ಆಗುವುದು ಇದೇ ಅಲ್ವಾ? ನಾನು ಯಾವಾಗ ಸಾಯುತ್ತೇನೆ, ಪರೀಕ್ಷೆ ಏನಾಗುತ್ತದೆ ಅಂತ ಕೇಳುತ್ತಾರೆ. ನಾಣ್ಯ ಏನೋ ಒಂದು ಅಕ್ಷರಕ್ಕೆ ಹೋಗಿ ನಿಲ್ಲುತ್ತದೆ. ಅದು ತಲೆಯಲ್ಲಿ ಕೂತುಬಿಡುತ್ತದೆ. ಅದರ ಹಿಂದೆ ಸೈತಾನ ಕೆಲಸ ಮಾಡಲು ಸಾಧ್ಯವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಅವನು ಸುಳ್ಳಿಗೆ ತಂದೆ ಅಂತ ಯೇಸು ಹೇಳಿದ್ದಾನೆ, ಒಂದು ಸುಳ್ಳನ್ನು ಹಿಡಿದುಕೊಂಡು ಮನುಷ್ಯನನ್ನು ಭಯದಲ್ಲಿ ಕಟ್ಟಿಹಾಕುವುದಕ್ಕೆ ಅವನು ಮೈಯೊಳಗೆ ಬರಬೇಕಾಗಿಯೂ ಇಲ್ಲ. ಮಗಳು ಆಡಿದ್ದು ತಪ್ಪು. ಕ್ಷಮೆ ಕೇಳಿದರೆ ಕ್ಷಮೆ ಇದೆ. ಅದಕ್ಕೆ ದೊಡ್ಡ ವಿಧಿ ಏನೂ ಬೇಡ, ಅವಳ ಮಾತಿನಲ್ಲೇ ಎರಡು ಸಾಲು ಪ್ರಾರ್ಥನೆ ಸಾಕು. ಆ ನಾಣ್ಯ, ಬರೆದ ಹಾಳೆ ಇದ್ದರೆ ಎಸೆದುಬಿಡಲಿ. ಫೋನಿನಲ್ಲಿ ಆ ಥರದ ಆ್ಯಪ್ ಇದ್ದರೆ ತೆಗೆದುಹಾಕಲಿ. ಎಫೆಸದಲ್ಲಿ ಮಾಟ ಮಾಡುತ್ತಿದ್ದವರು ವಿಶ್ವಾಸಕ್ಕೆ ಬಂದಾಗ ತಮ್ಮ ಪುಸ್ತಕಗಳನ್ನು ತಂದು ಸುಟ್ಟರು, ಬೆಲೆ ಲೆಕ್ಕ ಹಾಕಿದರೆ 50,000 ಬೆಳ್ಳಿ ನಾಣ್ಯ ಆಯಿತು. ತಮ್ಮದನ್ನು ತಾವೇ ತಂದು ಸುಟ್ಟರು, ಬೇರೆಯವರ ಮನೆಗೆ ನುಗ್ಗಿ ಸುಡಲಿಲ್ಲ.

ತಾಯಿತ ಬೇಡ. ನಾದಿನಿ ಪ್ರೀತಿಯಿಂದ ಹೇಳಿದ್ದು, ಜಗಳ ಆಡಬೇಡಿ, ಆದರೆ ಬೇಡ. ಅದೇ ಕಾರಣಕ್ಕೆ, ಕೂಟದವರು ಅಭಿಷೇಕದ ಎಣ್ಣೆಯ ಬಾಟಲಿಯನ್ನೋ ಕರ್ಚೀಫನ್ನೋ ದುಡ್ಡಿಗೆ ಕೊಟ್ಟು ದಿಂಬಿನ ಕೆಳಗೆ ಇಡಿ ಅಂದರೆ ಅದೂ ಬೇಡ. ಅದು ಕ್ರೈಸ್ತ ಹೆಸರಿನ ತಾಯಿತ. ಫಿಲಿಪ್ಪಿಯಲ್ಲಿ ಕಣಿ ಹೇಳುವ ಹುಡುಗಿಯನ್ನು ಪೌಲ ಬಿಡಿಸಿದಾಗ ಸಿಟ್ಟಾದವರು ಯಾರು? ಅವಳಿಂದ ದುಡ್ಡು ಮಾಡುತ್ತಿದ್ದ ಯಜಮಾನರು. ಪೌಲನನ್ನೂ ಅವನ ಜೊತೆಗಾರ ಸೀಲನನ್ನೂ ಹೊಡೆಸಿ ಜೈಲಿಗೆ ಹಾಕಿಸಿದರು. ಯಾರೋ ಒಬ್ಬರ ಸಂಕಟದಿಂದ ದುಡ್ಡು ಬರುವ ಕಡೆ, ಆ ಸಂಕಟ ಮುಗಿಯುವುದು ಅವರಿಗೆ ಬೇಕಿರುವುದಿಲ್ಲ.

ಪಕ್ಕದ ಮನೆಯವರ ವಿಷಯವನ್ನು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಅಮೆರಿಕದ ಸೇಲಂನಲ್ಲಿ 1692ರಲ್ಲಿ ಶುರುವಾಗಿದ್ದು ಹೀಗೇ. ಪಾದ್ರಿಯ ಮನೆಯ ಹುಡುಗಿಯರಿಗೆ ಫಿಟ್ಸ್ ಥರ ಬಂತು, ಮಾಟ ಅಂದರು, ಯಾರು ಮಾಡಿದ್ದು ಅಂತ ಮಕ್ಕಳನ್ನೇ ಕೇಳಿದರು. ನೆರೆಹೊರೆಯ ಹೆಸರುಗಳು ಬಂದವು. 19 ಜನರನ್ನು ಗಲ್ಲಿಗೆ ಹಾಕಿದರು, ಒಬ್ಬ ಮುದುಕನನ್ನು ಕಲ್ಲು ಹೇರಿ ಸಾಯಿಸಿದರು. ಎಲ್ಲರೂ ಬೈಬಲ್ ಓದುವವರೇ. ಐದು ವರ್ಷದ ನಂತರ ನ್ಯಾಯಾಧೀಶರಲ್ಲಿ ಒಬ್ಬನಾದ ಸ್ಯಾಮುಯೆಲ್ ಸೀವಾಲ್ ಬಾಸ್ಟನ್ನಿನ ಚರ್ಚಿನಲ್ಲಿ ಎದ್ದು ನಿಂತ, ಅವನ ತಪ್ಪೊಪ್ಪಿಗೆಯನ್ನು ಸಭೆಯ ಮುಂದೆ ಓದಿದರು. ಸತ್ತವರು ವಾಪಸ್ ಬರಲಿಲ್ಲ. ಮಗಳ ಮುಂದೆ ಪಕ್ಕದ ಮನೆಯ ಹೆಸರು ಎತ್ತಲೇಬೇಡಿ. ಹೆದರಿದ ಹುಡುಗಿ ನೀವು ಕೊಟ್ಟ ಹೆಸರನ್ನೇ ನಾಳೆ ರಾತ್ರಿ ಕೂಗಬಹುದು. ಆಗ ಎಲ್ಲರೂ ಅದನ್ನು ಸಾಕ್ಷಿ ಅಂದುಕೊಳ್ಳುತ್ತಾರೆ.

ಆ ಕೂಟಕ್ಕೆ ಮತ್ತೆ ಹೋಗಬೇಡಿ. ಯಾರಾದರೂ ಹೊಡೆದರೆ, ಕಟ್ಟಿಹಾಕಿದರೆ, ಮೆಣಸಿನಕಾಯಿ ಹೊಗೆ ಹಾಕಿದರೆ ಅದು ಅಪರಾಧ. ಕರ್ನಾಟಕದಲ್ಲಿ 2017ರ ವಾಮಾಚಾರ ತಡೆ ಕಾಯ್ದೆ 2020ರಿಂದ ಜಾರಿಯಲ್ಲಿದೆ, ದೆವ್ವ ಬಿಡಿಸುವ ಹೆಸರಿನ ಇಂಥ ಹಿಂಸೆ ಅದರಡಿ ಬರುತ್ತದೆ. ಪ್ರಾರ್ಥನೆ ಮಾಡುವವರು ಬೈಬಲ್ ಹಿಡಿದಿದ್ದರೂ ಅಷ್ಟೇ.

ಪ್ರಾರ್ಥನೆಗೆ ನಿಮ್ಮ ಸಭೆಯ ಅಯ್ಯನವರನ್ನು ಮನೆಗೆ ಕರೆಯಿರಿ. ಮಗಳು ಒಪ್ಪಿದರೆ ಮಾತ್ರ, ನೀವು ಪಕ್ಕದಲ್ಲಿ ಕೂತು. ಕೀರ್ತನೆ 91 ಓದಲಿ, ಮೆಲ್ಲಗೆ ಪ್ರಾರ್ಥನೆ ಮಾಡಲಿ, ಹದಿನೈದು ನಿಮಿಷ ಸಾಕು. ದೆವ್ವವನ್ನು ಮಾತಾಡಿಸುವುದು ಬೇಡ. ಅವಳು ಬೇಡ ಅಂದರೆ ಬಲವಂತ ಬೇಡ. ಮಾರ್ಕ 7ನೇ ಅಧ್ಯಾಯದಲ್ಲಿ ತೂರ್ ಸೀಮೆಯಲ್ಲಿ ಒಬ್ಬ ತಾಯಿ ಮಗಳಿಗಾಗಿ ಯೇಸುವಿನ ಹತ್ತಿರ ಬರುತ್ತಾಳೆ. ಮಗಳನ್ನು ಕರೆತಂದೇ ಇರಲಿಲ್ಲ. ತಾಯಿ ಬೇಡಿಕೊಂಡಳು, ಯೇಸು ಒಂದು ಮಾತು ಹೇಳಿದನು, ಮನೆಗೆ ಹೋಗಿ ನೋಡಿದರೆ ಹುಡುಗಿ ಹಾಸಿಗೆಯ ಮೇಲೆ ಮಲಗಿದ್ದಳು, ದೆವ್ವ ಬಿಟ್ಟುಹೋಗಿತ್ತು. ನಿಮ್ಮ ಪ್ರಾರ್ಥನೆಗೂ ಅಷ್ಟೇ ಬೆಲೆ ಇದೆ.

ನಾಳೆ ಬೆಳಗ್ಗೆ ಫಿಟ್ಸ್ ನೋಡುವ ಡಾಕ್ಟರ ಹತ್ತಿರ ಹೋಗಿ. ಹಾಸನದ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ಮನೋವೈದ್ಯರೂ ಇದ್ದಾರೆ, ಅಲ್ಲಿಂದ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವಳು ಸಾಯುವ ಮಾತು ಆಡಿದರೆ, ಜ್ವರ ಬಂದರೆ, ಮಾತು ತೊದಲಿದರೆ, ಊಟ ನೀರು ಬಿಟ್ಟರೆ ನಾಳೆವರೆಗೂ ಕಾಯಬೇಡಿ. ಡಾಕ್ಟರ ಮುಂದೆ ನಾಣ್ಯದ ಆಟ, ದನಿ, ಪ್ರಾರ್ಥನಾ ಕೂಟ ಏನನ್ನೂ ಮುಚ್ಚಿಡಬೇಡಿ. ಮಾತ್ರೆ ಎಷ್ಟು ದಿನ ತಪ್ಪಿತು ಅಂತಲೂ ಹೇಳಿ. ಕೂಗಿದಾಗಿನ ವಿಡಿಯೋ ಇದ್ದರೆ ಡಾಕ್ಟರಿಗೆ ತೋರಿಸಿ, ಅವರಿಗೆ ಅದು ತುಂಬ ಸಹಾಯ. ವಾಟ್ಸಾಪ್‌ನಲ್ಲಿ ನೆಂಟರಿಗೆ ಕಳಿಸಬೇಡಿ, ಅವಳು ನಾಳೆ ಅದೇ ಊರಿನಲ್ಲಿ ಓಡಾಡಬೇಕು.

ಇನ್ನೊಂದು ಕೆಲಸ ಬಾಕಿ ಇದೆ. ಆವತ್ತು ಅವಳ ಜೊತೆ ನಾಣ್ಯದ ಮೇಲೆ ಬೆರಳಿಟ್ಟ ಬೇರೆ ಹುಡುಗಿಯರಿದ್ದಾರಲ್ಲ, ಅವರೂ ಹೆದರಿಕೊಂಡು ಯಾರಿಗೂ ಹೇಳದೆ ಇರಬಹುದು. ಮಗಳು ಸ್ವಲ್ಪ ಸುಧಾರಿಸಿದ ಮೇಲೆ ಅವಳನ್ನು ಕೇಳಿ ಅವರ ಅಮ್ಮಂದಿರಿಗೆ ಒಂದು ಫೋನ್ ಮಾಡಿ, ಹಾಸ್ಟೆಲ್ ವಾರ್ಡನ್ ಹತ್ತಿರವೂ ಮಾತಾಡಿ. ಯಾರನ್ನೂ ಬೈಯುವುದು ಬೇಡ, ಆ ಮಕ್ಕಳು ಸರಿಯಾಗಿ ನಿದ್ದೆ ಮಾಡುತ್ತಿದ್ದಾರಾ ಅಂತ ಕೇಳಿದರೆ ಸಾಕು.